ಉಪ್ಪು ಬಿದ್ದರೆ ಆರುವ ನೀಲಿ

ಖೋಟಾ ನೋಟು ಪತ್ತೆ ಮಾಡಲೆಂದು ಅಂಗಡಿಯವರು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಳ್ಳುವ ನೇರಳೆ ದೀಪ ನಿಮಗೆ ಗೊತ್ತಿರಬೇಕು. ನೋಟನ್ನು ಅದರಡಿ ಹಿಡಿದರೆ ಅಂಕಿಗಳೂ ಸಣ್ಣ ಎಳೆಗಳೂ ಮಿನುಗುತ್ತವೆ. ನಮ್ಮ ಬೀದಿಯ ದಿನಸಿ ಅಂಗಡಿಯಿಂದ ಅಂಥದೊಂದು ದೀಪವನ್ನು ಒಂದು ರಾತ್ರಿಗೆ ಕೇಳಿ ತಂದಿದ್ದೆ. ಅಡುಗೆಮನೆಯ ಲೈಟು ಆರಿಸಿ, ಗಾಜಿನ ಲೋಟಕ್ಕೆ ಟಾನಿಕ್ ವಾಟರ್ ಸುರಿದು, ಪಕ್ಕದಿಂದ ದೀಪ ಹಿಡಿದೆ. ಹಗಲಿನಲ್ಲಿ ಬರೀ ನೀರಿನಂತೆ ಕಾಣುವ ದ್ರವ ಲೋಟದ ತುಂಬ ತಿಳಿನೀಲಿಯಾಗಿ ಬೆಳಗಿತು. ಆಮೇಲೆ ಒಂದು ಚಿಟಿಕೆ ಅಡುಗೆ ಉಪ್ಪು ಉದುರಿಸಿದೆ. ಗುಳ್ಳೆಗಳು ಭುಸ್ಸೆಂದು ಎದ್ದವು. ಉಪ್ಪು ಕರಗಿದಲ್ಲೆಲ್ಲ ನೀಲಿ ಮಂಕಾಯಿತು. ಇನ್ನೆರಡು ಚಿಟಿಕೆ ಹಾಕಿ ಕಲಕಿದ ಮೇಲೆ ಬೆಳಕು ಹೆಚ್ಚುಕಡಿಮೆ ಆರಿಯೇ ಹೋಯಿತು. ಗುಟುಕು ಕುಡಿದು ನೋಡಿದರೆ ಕಹಿಯೂ ತಗ್ಗಿತ್ತು.

ಒಂದೇ ಉಪ್ಪು ಬೆಳಕನ್ನೂ ಕಹಿಯನ್ನೂ ಕಸಿದುಕೊಂಡಿತು ಎಂದಮೇಲೆ ಎರಡಕ್ಕೂ ಕಾರಣ ಒಂದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆ ಗಂಟನ್ನು ಕೊನೆಯಲ್ಲಿ ಬಿಚ್ಚೋಣ. ಅದಕ್ಕೂ ಮೊದಲು ಒಂದು ಲೋಟ ಜಿನ್ ಮತ್ತು ಟಾನಿಕ್ ಬೆರೆಸಿ, ಮೂಸಿ, ಸವಿಯುವುದು ಹೇಗೆಂದು ನೋಡಬೇಕು. ಆ ಲೋಟದಲ್ಲಿ ನಡೆಯುವುದು ಎರಡೇ ಕೆಲಸ: ಕಹಿಯನ್ನು ಹದಕ್ಕೆ ತರುವುದು, ಪರಿಮಳವನ್ನು ಮೂಗಿಗೆ ಮುಟ್ಟಿಸುವುದು. ಐಸು, ಗುಳ್ಳೆ, ನಿಂಬೆಸಿಪ್ಪೆ ಎಲ್ಲವೂ ಈ ಎರಡು ಕೆಲಸಕ್ಕೆ ನಿಂತ ಆಳುಗಳು. ಮದ್ಯ ಮುಟ್ಟದ ಓದುಗರು ಜಿನ್ ಬಿಟ್ಟು ಟಾನಿಕ್ ಒಂದರಲ್ಲೇ ಇಲ್ಲಿನ ಹೆಚ್ಚಿನ ಪ್ರಯೋಗಗಳನ್ನು ಮಾಡಬಹುದು. ವಿಜ್ಞಾನಕ್ಕೆ ಅದರಿಂದ ಕೊರತೆಯಿಲ್ಲ.

ಟಾನಿಕ್ಕಿನ ಕಹಿ ಕ್ವಿನೈನಿನದು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸಿಂಕೋನ ಮರದ ತೊಗಟೆಯಿಂದ 1820ರಲ್ಲಿ ಅದನ್ನು ಬೇರ್ಪಡಿಸಿದವರು ಪ್ಯಾರಿಸಿನ ಪೆಲ್ತಿಯೆ ಮತ್ತು ಕವೆಂತೂ. ಮಲೇರಿಯಾಕ್ಕೆ ಆಗ ಇದ್ದ ಮುಖ್ಯ ಮದ್ದೆಂದರೆ ಇದೇ. ಆ ಮರದ ಸಸಿಗಳನ್ನು 1860ರ ಹೊತ್ತಿಗೆ ಕ್ಲೆಮೆಂಟ್ಸ್ ಮಾರ್ಕಂ ಕಡಲು ದಾಟಿಸಿ ನಮ್ಮ ದಕ್ಷಿಣಕ್ಕೆ ತಂದರು. ಉದಕಮಂಡಲದ ಸಸ್ಯೋದ್ಯಾನದ ವಿಲಿಯಂ ಮೆಕೈವರ್ ಅವನ್ನು ಬೆಳೆಸಿ ಹಬ್ಬಿಸಿದರು. ಮೊದಮೊದಲ ಸರಕಾರಿ ಸಿಂಕೋನ ತೋಟ ಎದ್ದದ್ದು ದೊಡ್ಡಬೆಟ್ಟದಲ್ಲಿ. ಹೆಸರಿನಲ್ಲೇ ನಮ್ಮ ನುಡಿಯನ್ನು ಹೊತ್ತಿರುವ ಆ ಬೆಟ್ಟದ ತೊಗಟೆ ಗುಳಿಗೆಯಾಗಿ, ಪುಡಿಯಾಗಿ, ಅಂಚೆ ಕಚೇರಿಗಳಲ್ಲೂ ಮಾರಾಟವಾದ ಕಾಲವಿತ್ತು. ಮಲೆನಾಡಿನ ಚಳಿಜ್ವರ ಕಂಡ ತಲೆಮಾರಿಗೆ ಕ್ವಿನೈನ್ ಎಂದರೆ ಜೀವ ಉಳಿಸಿದ ಕಹಿ, ಜೊತೆಗೆ ದಿನಗಟ್ಟಲೆ ಕಿವಿಯಲ್ಲಿ ಗುಂಯ್‌ಗುಟ್ಟಿದ ಕಹಿ. ಮದ್ದಿನ ಪ್ರಮಾಣದಲ್ಲಿ ತೆಗೆದುಕೊಂಡಾಗ ಕಿವಿ ಮೊರೆಯುವುದು ಕ್ವಿನೈನಿನ ಹೆಸರಾಂತ ಅಡ್ಡಪರಿಣಾಮ.

ಇಂಡಿಯದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಮಲೇರಿಯಾ ಮದ್ದಿನ ಕಹಿ ತಾಳಲಾರದೆ ಅದಕ್ಕೆ ಜಿನ್ ಬೆರೆಸಿದರು, ಹಾಗೆ ಈ ಪಾನೀಯ ಹುಟ್ಟಿತು ಎಂಬ ಕತೆ ಎಲ್ಲ ಕಡೆ ಓಡಾಡುತ್ತದೆ. ದಾಖಲೆಗಳು ಅದನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಎರಾಸ್ಮಸ್ ಬಾಂಡ್ ಎಂಬಾತ ಲಂಡನ್ನಿನಲ್ಲಿ ಟಾನಿಕ್ಕಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ಜಿನ್ ಮತ್ತು ಟಾನಿಕ್ ಒಟ್ಟಿಗೆ ಅಚ್ಚಿನಲ್ಲಿ ಕಾಣಿಸಿಕೊಂಡ, ಈವರೆಗೆ ಸಿಕ್ಕಿರುವ ಅತಿ ಹಳೆಯ ಉಲ್ಲೇಖ 1868ರ ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜೀನಿನದು. ಅಲ್ಲಿ ಅದನ್ನು ಕೂಗಿ ಕೇಳುತ್ತಿದ್ದವರು ಕುದುರೆ ಪಂದ್ಯಕ್ಕೆ ಬಂದ ಜನ, ರೋಗಿಗಳಲ್ಲ. ಇಂದಿನ ಟಾನಿಕ್ಕಿನಿಂದ ಮಲೇರಿಯಾ ವಾಸಿಮಾಡಲು ಹೊರಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಅಮೆರಿಕದ ನಿಯಮದಂತೆ ಒಂದು ಲೀಟರಿನಲ್ಲಿ ಕ್ವಿನೈನ್ 83 ಮಿಲಿಗ್ರಾಂ ಮೀರುವಂತಿಲ್ಲ. ಚಿಕಿತ್ಸೆಗೆ ದೊಡ್ಡವರಿಗೆ ಕೊಡುತ್ತಿದ್ದ ಪ್ರಮಾಣ ದಿನಕ್ಕೆ 1800 ಮಿಲಿಗ್ರಾಂ ಆಸುಪಾಸು. ಅಂದರೆ ದಿನವೊಂದಕ್ಕೆ 20 ಲೀಟರಿಗೂ ಹೆಚ್ಚು ಟಾನಿಕ್, ಅದೂ ಏಳು ದಿನ. ಹಾಗಾಗಿ ಲೋಟದಲ್ಲಿರುವುದು ಮದ್ದಲ್ಲ, ಮದ್ದಿನ ನೆನಪು. ಆದರೂ ಕ್ವಿನೈನ್ ಒಗ್ಗದ ಕೆಲವರಿಗೆ ಅಷ್ಟು ಸ್ವಲ್ಪವೇ ರಕ್ತದ ಕಿರುತಟ್ಟೆಗಳನ್ನು ಇಳಿಸಿ ಅಪಾಯ ತರಬಲ್ಲದು. ಅಂಥವರು ಟಾನಿಕ್ಕಿನಿಂದ ದೂರವಿರಲೇಬೇಕು.

ಇಷ್ಟು ಕಡಿಮೆ ಪ್ರಮಾಣದ ಕ್ವಿನೈನ್ ನಾಲಿಗೆಗೆ ಇಷ್ಟು ಜೋರಾಗಿ ತಿಳಿಯುವುದು ಯಾಕೆ? ಸಿಹಿಯನ್ನು ಗುರುತಿಸಲು ನಾಲಿಗೆಗೆ ಮುಖ್ಯವಾಗಿ ಒಂದು ಬಗೆಯ ಗ್ರಾಹಕ ಸಾಕು. ಕಹಿಗೆ ಸುಮಾರು 25 ಬಗೆಯವು ಇವೆ. ವಿಷದ ಗಿಡಗಳು ಬಹುಪಾಲು ಕಹಿ. ಒಂದು ಬಾಗಿಲಿಗೆ ಒಂದೇ ಕಾವಲುಗಾರ ಸಾಲದೆಂದು ವಿಕಾಸ ಇಷ್ಟೊಂದು ಕಾವಲು ಹಾಕಿದೆ. ಕ್ವಿನೈನ್ ಅವುಗಳಲ್ಲಿ ಒಂದನ್ನಲ್ಲ, ಹಲವನ್ನು ಒಟ್ಟಿಗೆ ಎಬ್ಬಿಸುತ್ತದೆ. ಈ ಗ್ರಾಹಕಗಳ ಜೀನುಗಳು ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಆದ್ದರಿಂದ ಒಂದೇ ಬಾಟಲಿಯ ಟಾನಿಕ್ ಗಂಡನಿಗೆ ಹಿತವೆನಿಸಿ ಹೆಂಡತಿಗೆ ಉಗುಳುವಷ್ಟು ಕಹಿಯಾಗುವುದು ಸಹಜ. ಅದು ನಾಜೂಕಿನ ಮಾತಲ್ಲ, ದೇಹದ ಮಾತು. ಬಡಿಸುವವರು ಇದನ್ನು ನೆನಪಿಡಬೇಕು. ಹಾಗಲಕಾಯಿ ಗೊಜ್ಜು ಮಾಡುವವರು ಉಪ್ಪು, ಬೆಲ್ಲ, ಹುಣಸೆಹುಳಿ ಮೂರನ್ನೂ ಹಾಕಿ ಕಹಿಯನ್ನು ಕೊಲ್ಲದೆ ಪಳಗಿಸುತ್ತಾರಲ್ಲ, ಟಾನಿಕ್ ತಯಾರಿಸುವವರೂ ಅದನ್ನೇ ಮಾಡುತ್ತಾರೆ: ಸಿಟ್ರಿಕ್ ಆಮ್ಲದ ಹುಳಿ, ಜೊತೆಗೆ ಕೈತುಂಬ ಸಕ್ಕರೆ. ಒಣರುಚಿಯೆಂದು ನಾವು ತಿಳಿಯುವ ಟಾನಿಕ್ಕಿನಲ್ಲಿ 100 ಮಿಲೀಗೆ 5ರಿಂದ 9 ಗ್ರಾಂ ಸಕ್ಕರೆ ಇರುವುದುಂಟು. ಬಾಟಲಿಯ ಬೆನ್ನು ಓದಿ ಕೊಳ್ಳಿ. ನಾಜೂಕಿನ ಜಿನ್‌ಗೆ ಸಕ್ಕರೆ ಕಡಿಮೆ ಇರುವುದೇ ಹೊಂದುತ್ತದೆ.

ಈಗ ಜಿನ್. ವಾಸನೆಯಿಲ್ಲದ ಮದ್ಯಸಾರಕ್ಕೆ ಜುನಿಪರ್ ಎಂಬ ಗಿಡದ ಕಾಯಿ ಮುಖ್ಯವಾಗಿಟ್ಟು ಬೇರೆ ಬೀಜ, ಬೇರು, ಸಿಪ್ಪೆಗಳ ಪರಿಮಳ ಕೂಡಿಸಿದರೆ ಜಿನ್. ಕಾಯಿ ಎಂದೆ, ಆದರೆ ಸಸ್ಯಶಾಸ್ತ್ರದ ಪ್ರಕಾರ ಅದು ಕಾಯಲ್ಲ. ಜುನಿಪರ್ ಪೈನ್ ಮರದ ದೂರದ ನೆಂಟ. ಪೈನಿನ ಗಟ್ಟಿ ಶಂಕು ಇಲ್ಲಿ ಮಾಂಸಲವಾಗಿ, ದುಂಡಗಾಗಿ, ನೀಲಿ ಹಣ್ಣಿನ ವೇಷ ತೊಟ್ಟಿದೆ. ಮಾಗಲು ಎರಡು ಮೂರು ವರ್ಷ ಬೇಕು. ಒಂದೇ ಕೊಂಬೆಯಲ್ಲಿ ಹಸಿರೂ ನೀಲಿಯೂ ಒಟ್ಟಿಗಿರುವುದರಿಂದ ಕೊಯ್ಯುವುದು ತಾಳ್ಮೆಯ ಕೆಲಸ. ನಮ್ಮ ಆಯುರ್ವೇದಕ್ಕೆ ಇದು ಹಪುಷ ಎಂಬ ಹೆಸರಿನಲ್ಲಿ ಹಳೆಯ ಪರಿಚಯ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ನೋಡಿ. ಸಿಕ್ಕರೆ ನಾಲ್ಕು ಕಾಳು ಜಜ್ಜಿ ಮೂಸಿ. ಮೊದಲು ಬರುವ ಪೈನ್ ಕಾಡಿನ ವಾಸನೆ ಆಲ್ಫಾ-ಪೈನೀನ್ ಎಂಬ ಅಣುವಿನದು. ಅದರ ಹಿಂದೆ ತುಸು ನಿಂಬೆ, ತುಸು ರಾಳ, ತುಸು ಮೆಣಸು.

ಜುನಿಪರ್ ಆದಮೇಲೆ ಜಿನ್ನಿನ ಎರಡನೆಯ ಕಂಬ ಕೊತ್ತಂಬರಿ ಬೀಜ. ಅದರ ಪರಿಮಳ ಬಹುಪಾಲು ಲಿನಲೂಲ್ ಎಂಬ ಅಣುವಿನದು. ಲ್ಯಾವೆಂಡರ್ ಹೂವಿನಲ್ಲೂ ಲಿನಲೂಲ್ ಇದೆ, ಆದರೆ ಎರಡೂ ಒಂದಕ್ಕೊಂದು ಕನ್ನಡಿಯ ಬಿಂಬ. ಎಡಗೈ ಬಲಗೈ ಇದ್ದಂತೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಮೂಗು ಹಿಡಿಯುತ್ತದೆ. ಉಳಿದಂತೆ ಆಂಜೆಲಿಕದ ಬೇರು, ಐರಿಸ್ ಗಡ್ಡೆ, ಜ್ಯೇಷ್ಠಮಧು, ಕಿತ್ತಳೆ ಸಿಪ್ಪೆ ಹೀಗೆ ತಯಾರಕರ ಇಷ್ಟ. ಇವನ್ನೆಲ್ಲ ಮದ್ಯಸಾರದಲ್ಲಿ ನೆನೆಹಾಕಿ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸುತ್ತಾರೆ. ಸಿಪ್ಪೆಯ ಹಗುರ ಪರಿಮಳ ಮೊದಲು ಇಳಿಯುತ್ತದೆ, ಜುನಿಪರ್ ನಡುವೆ, ಬೇರುಗಳ ಮಣ್ಣುವಾಸನೆ ಕೊನೆಗೆ. ಎಲ್ಲಿ ಶುರು, ಎಲ್ಲಿ ಸಾಕು ಎಂದು ತೀರ್ಮಾನಿಸುವವನ ಮೂಗಿನಲ್ಲಿದೆ ಆ ಜಿನ್ನಿನ ಗುಣ.

ಸಣ್ಣ ಹಂಡೆಯ ಈ ಕಸುಬಿಗೆ ಲಂಡನ್ನಿನಲ್ಲಿ ಮತ್ತೆ ಬಾಗಿಲು ತೆರೆದದ್ದು 2009ರಲ್ಲಿ. 1800 ಲೀಟರಿಗಿಂತ ಚಿಕ್ಕ ಹಂಡೆಗೆ ಪರವಾನಗಿ ಸಿಗದ ಹಳೆಯ ರೂಢಿಯೊಂದಿಗೆ ಸೆಣಸಿ ಸಿಪ್‌ಸ್ಮಿತ್ ಎಂಬ ಸಂಸ್ಥೆ ಅನುಮತಿ ಪಡೆಯಿತು. ನಮ್ಮಲ್ಲಿ ಆ ಅಲೆ ಏರಿದ್ದು ಗೋವಾದಲ್ಲಿ. ನಾವೊ ಸ್ಪಿರಿಟ್ಸ್ 2017ರಲ್ಲಿ ಗ್ರೇಟರ್ ದ್ಯಾನ್ ಹೊರತಂದಿತು. ಮರುವರ್ಷ ಹಿಮಾಲಯದ ಜುನಿಪರ್ ಬಳಸಿ ಹಪುಸ ಎಂಬ ಹೆಸರಿನದೇ ಜಿನ್ ಮಾಡಿತು. ಅದೇ 2018ರಲ್ಲಿ ಥರ್ಡ್ ಐ ಡಿಸ್ಟಿಲರಿಯ ಸ್ಟ್ರೇಂಜರ್ ಆ್ಯಂಡ್ ಸನ್ಸ್ ಬಂತು. ಗ್ರಂಥಿಗೆ ಅಂಗಡಿಯ ಹಳೆಯ ಹೆಸರೊಂದು ಬಾಟಲಿಯ ಮೇಲೆ ನಿಂತದ್ದು ನನಗೆ ನಿಜಕ್ಕೂ ಖುಷಿಕೊಟ್ಟ ಸಂಗತಿ. ಬಹಳ ಕಾಲ ಜಿನ್ ಎಂದರೆ ಹೊರಗಿನಿಂದ ಬಂದ ಎಸೆನ್ಸು ಎಂದೇ ತಿಳಿದಿದ್ದ ದೇಶ ಇದು, ಆದರೆ ಅದಕ್ಕೆ ಬೇಕಾದ ಕೊತ್ತಂಬರಿ, ಏಲಕ್ಕಿ, ಮೆಣಸು, ಶುಂಠಿ ಎಲ್ಲ ಬೆಳೆಯುವುದು ಇಲ್ಲೇ.

ಇಲ್ಲಿನ ಬಾಟಲಿಯ ಮೇಲೆ ಹೆಚ್ಚಾಗಿ 42.8 ಎಂಬ ವಿಚಿತ್ರ ಅಂಕಿ ಕಾಣುತ್ತದೆ. ಅದು ಹಳೆಯ ಬ್ರಿಟಿಷ್ ಅಳತೆಯ ಪಳೆಯುಳಿಕೆ. ಮದ್ಯ ಸುರಿದ ಕೋವಿಮದ್ದು ಆಮೇಲೂ ಹೊತ್ತಿಕೊಂಡರೆ ಆ ಮದ್ಯ ಪ್ರೂಫ್, ಅಂದರೆ ಪರೀಕ್ಷೆ ಗೆದ್ದದ್ದು. ಆ ಬಲವನ್ನು 100 ಎಂದು ಹಿಡಿದರು; ಈಗಿನ ಲೆಕ್ಕದಲ್ಲಿ ಅದು ಶೇಕಡ 57.1 ಮದ್ಯಸಾರ. ಅದರ ಮುಕ್ಕಾಲು, 75 ಪ್ರೂಫ್, ಎಂದರೆ 42.8.

ಸವಿಯುವುದಕ್ಕೆ ಬರೋಣ. ಟಾನಿಕ್ ಮುಟ್ಟುವ ಮೊದಲು ಜಿನ್ ಒಂದನ್ನೇ, ಅರ್ಧ ಸಣ್ಣ ಪೆಗ್ಗಿನಷ್ಟು, ಬಾಯಿ ಕಿರಿದಾದ ಗ್ಲಾಸಿಗೆ ಹಾಕಿ. ಐಸು ಬೇಡ. ಗ್ಲಾಸಿನೊಳಗೆ ಮೂಗು ತೂರಿಸಬೇಡಿ. ಅಲ್ಲಿ ಮದ್ಯಸಾರದ ಆವಿಯೇ ದಟ್ಟವಾಗಿದ್ದು ಮೂಗನ್ನು ಚುಚ್ಚಿ ಮರಗಟ್ಟಿಸುತ್ತದೆ. ಅಂಚಿನಿಂದ ತುಸು ದೂರ ಹಿಡಿದು, ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣಸಣ್ಣ ಉಸಿರಿನಲ್ಲಿ ಮೂಸಿ. ಎರಡು ಮೂರು ಸಲಕ್ಕೆ ಮೂಗು ಒಗ್ಗಿಹೋಗಿ ವಾಸನೆ ಮಾಯವಾದಂತಾಗುತ್ತದೆ. ಆಗ ನಿಮ್ಮ ಅಂಗಿಯ ತೋಳನ್ನೇ ಮೂಸಿ ಮರಳಿ ಬನ್ನಿ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಅಂಗೈಯದು. ನಾಲ್ಕು ಹನಿ ಜಿನ್ ಅಂಗೈಗೆ ಹಾಕಿ ಎರಡೂ ಕೈ ಉಜ್ಜಿ. ಮೊದಲ ಕ್ಷಣ ಬರೀ ಮದ್ಯಸಾರ. ಅದು ಆರಿದಂತೆ ಸಿಪ್ಪೆಯ ಪರಿಮಳ, ಮತ್ತೆ ಜುನಿಪರ್. ಒಂದೆರಡು ನಿಮಿಷ ಬಿಟ್ಟು ಮೂಸಿದರೆ ಬೇರುಗಳ, ಮಸಾಲೆಯ ಆಳದ ವಾಸನೆ. ಹಂಡೆಯಲ್ಲಿ ಗಂಟೆಗಟ್ಟಲೆ ನಡೆದದ್ದು ಅಂಗೈಯ ಬಿಸಿಯಲ್ಲಿ ಎರಡು ನಿಮಿಷಕ್ಕೆ ಮರುಕಳಿಸುತ್ತದೆ.

ಇನ್ನು ಗುಟುಕು. ಸಮ ಪ್ರಮಾಣದ ನೀರು ಬೆರೆಸಿಯೇ ಕುಡಿಯಿರಿ. ಹಾಗೇ ಕುಡಿದರೆ ಉರಿ ಮುಂದೆ ಬಂದು ಪರಿಮಳ ಹಿಂದೆ ಸರಿಯುತ್ತದೆ. ಆ ಉರಿಗೂ ಕಾರಣ ಗೊತ್ತಿದೆ. ನಮ್ಮ ಬಾಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ ಸುಮಾರು 42 ಡಿಗ್ರಿಗೆ ಎಚ್ಚೆತ್ತು ಸುಡುತ್ತಿದೆ ಎಂದು ಕೂಗುತ್ತದೆ. ಮದ್ಯಸಾರ ಆ ಮಟ್ಟವನ್ನು 34 ಡಿಗ್ರಿಯ ಆಸುಪಾಸಿಗೆ ಇಳಿಸುತ್ತದೆ. ನಮ್ಮ ಮೈಯ ಬಿಸಿಯೇ 37. ಹಾಗಾಗಿ ಬಾಯಿಯ ಸ್ವಂತ ಬಿಸಿಯೇ ಸುಟ್ಟಂತೆ ಭಾಸವಾಗುತ್ತದೆ. ಮೆಣಸಿನಕಾಯಿಯ ಖಾರ ಎಬ್ಬಿಸುವುದೂ ಇದೇ ಗ್ರಾಹಕವನ್ನು. ಈ ಒಂದು ಸಂಗತಿ ತಿಳಿದರೆ ಎರಡು ವಿಷಯ ಒಟ್ಟಿಗೆ ಅರ್ಥವಾಗುತ್ತವೆ: ತಣ್ಣಗಿನ ಜಿನ್ ಯಾಕೆ ಮೃದು, ಹಸಿಮೆಣಸಿನಕಾಯಿ ಸೀಳಿ ಹಾಕಿದ ಜಿನ್ ಯಾಕೆ ಹೊತ್ತಿ ಉರಿಯುತ್ತದೆ.

ಗುಟುಕು ಬಾಯಲ್ಲಿರುವಾಗ ಮೂಗು ಗಟ್ಟಿಯಾಗಿ ಹಿಡಿದುಕೊಳ್ಳಿ. ಚೂರು ಸಿಹಿ, ಚೂರು ಕಹಿ, ಉರಿ, ಅಷ್ಟೇ. ಜುನಿಪರ್ ಇಲ್ಲ, ನಿಂಬೆ ಇಲ್ಲ. ನುಂಗಿ ಮೂಗು ಬಿಡಿ. ಒಮ್ಮೆಲೇ ಕಾಡು ಒಳಗೆ ನುಗ್ಗಿದಂತಾಗುತ್ತದೆ. ಗಂಟಲ ಹಿಂಬದಿಯಿಂದ ಮೂಗಿಗೆ ಏರಿದ ಆ ಗಾಳಿಯೇ ನಾವು ರುಚಿ ಎಂದು ಕರೆಯುವುದರ ದೊಡ್ಡ ಪಾಲು. ಬಡಿಸುವ ಕಲೆಯೆಲ್ಲ ಈ ಗಾಳಿಯ ಮೇಲೆ ನಿಂತಿದೆ. ಇದೇ ಕಾರಣಕ್ಕೆ ಜಿನ್ ಮತ್ತು ಟಾನಿಕ್ಕಿಗೆ ಸ್ಟ್ರಾ ಹಾಕುವುದು ತಪ್ಪೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಅದು ಮೂಗನ್ನು ಲೋಟದಿಂದ ದೂರ ಇಟ್ಟುಬಿಡುತ್ತದೆ.

ಲೋಟ ತುಂಬಿಸುವಾಗ ಮೊದಲ ಪ್ರಶ್ನೆ ತಂಪಿನದು. ಐಸು ಕಡಿಮೆ ಹಾಕಿದರೆ ಪಾನೀಯ ನೀರಾಗುವುದಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಎರಡೇ ತುಂಡು ಹಾಕುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ ಶಾಖ ಹೀರುತ್ತದೆ. 60 ಮಿಲೀ ಜಿನ್, 180 ಮಿಲೀ ಟಾನಿಕ್, ಎರಡೂ ನಮ್ಮ ಕೋಣೆಯ 28 ಡಿಗ್ರಿಯಲ್ಲಿವೆ ಎನ್ನಿ. 240 ಗ್ರಾಂ ದ್ರವವನ್ನು ಸೊನ್ನೆಯ ಹತ್ತಿರಕ್ಕೆ ತರಲು ಸುಮಾರು 84 ಗ್ರಾಂ ಐಸು ಕರಗಲೇಬೇಕು. ಎರಡೂ ಫ್ರಿಜ್ಜಿನ 5 ಡಿಗ್ರಿಯಲ್ಲಿದ್ದರೆ ಕರಗುವುದು 15 ಗ್ರಾಂ ಮಾತ್ರ. ಮೊದಲನೆಯ ಲೋಟದಲ್ಲಿ ಮದ್ಯಸಾರ ಶೇಕಡ 8ಕ್ಕೆ ಇಳಿದರೆ ಎರಡನೆಯದರಲ್ಲಿ 10ರಲ್ಲಿ ನಿಲ್ಲುತ್ತದೆ. ಪಾನೀಯವನ್ನು ನೀರು ಮಾಡುವುದು ಐಸಿನ ಸಂಖ್ಯೆಯಲ್ಲ, ಬಾಟಲಿಯ ಬಿಸಿ. ಬಾಟಲಿ, ಗ್ಲಾಸು ಎರಡನ್ನೂ ಮೊದಲೇ ತಣ್ಣಗಿಟ್ಟು, ದೊಡ್ಡ ತುಂಡಿನ ಐಸನ್ನು ಗ್ಲಾಸಿನ ತುಂಬ ಹಾಕಿ.

ತಂಪು ಬೇಕಿರುವುದು ಗುಳ್ಳೆಗೂ ಹೌದು. ಸೊನ್ನೆ ಡಿಗ್ರಿಯಲ್ಲಿ ಒಂದು ಲೀಟರ್ ನೀರು ತನ್ನೊಳಗೆ ಸುಮಾರು 1.7 ಲೀಟರ್ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ 0.7 ಲೀಟರಿಗೂ ಕಡಿಮೆ. ಬೆಚ್ಚಗಿನ ಟಾನಿಕ್ ಮುಚ್ಚಳ ತೆಗೆದ ಕೂಡಲೇ ಉಕ್ಕಿ ಸಪ್ಪೆಯಾಗುವುದು ಅದಕ್ಕೆ. ಗುಳ್ಳೆ ಸಿಡಿಯುವಾಗ ಮೇಲ್ಮೈಯಲ್ಲಿದ್ದ ಪರಿಮಳದ ಅಣುಗಳನ್ನು ಗಾಳಿಗೆ ಚಿಮ್ಮಿಸುತ್ತದೆ, ಆದ್ದರಿಂದ ಗುಳ್ಳೆ ಉಳಿಸಿಕೊಳ್ಳುವುದೆಂದರೆ ವಾಸನೆ ಉಳಿಸಿಕೊಳ್ಳುವುದೇ. ಫ್ರೀಜರಿನಿಂದ ತೆಗೆದ ಐಸಿನ ಮೇಲಿನ ಹಿಮದ ಹುಡಿ ಗುಳ್ಳೆಗಳನ್ನು ಅಕಾಲದಲ್ಲಿ ಹುಟ್ಟಿಸುತ್ತದೆ. ಒಮ್ಮೆ ನೀರಲ್ಲಿ ಅದ್ದಿ ತೆಗೆದರೆ ಮೈ ನುಣುಪಾಗಿ ಅದು ತಪ್ಪುತ್ತದೆ. ಐಸಿನ ಮೇಲೆ ಜಿನ್, ಅದರ ಮೇಲೆ ಗ್ಲಾಸಿನ ಒಳಗೋಡೆಗುಂಟ ಮೆಲ್ಲಗೆ ಟಾನಿಕ್, ಚಮಚದಿಂದ ತಳದಿಂದೊಮ್ಮೆ ಎತ್ತಿ ಬಿಡಿ. ಗಿರಗಿರ ಕಲಕಬೇಡಿ. ಒಂದಕ್ಕೆ ಮೂರು ಅನುಪಾತ ಬಿಸಿಲಿನ ಊರಿಗೆ ಸರಿ; ಒಳ್ಳೆಯ ಸಣ್ಣ ಹಂಡೆಯ ಜಿನ್ ಆಗಿದ್ದರೆ ನಾನು ಒಂದಕ್ಕೆ ಎರಡರಿಂದ ಶುರುಮಾಡಿ, ಬೇಕಾದರೆ ಮೇಲೆ ಸುರಿಯುತ್ತೇನೆ. ಸುರಿದದ್ದನ್ನು ಹಿಂದೆ ತೆಗೆಯಲಾಗದು.

ಮೇಲಿನ ಅಲಂಕಾರದ ಬಗ್ಗೆ ಜನರಲ್ಲಿ ಇರುವ ತಪ್ಪು ತಿಳಿವಳಿಕೆ ದೊಡ್ಡದು. ಅದು ಕಣ್ಣಿಗಲ್ಲ, ನಾಲಿಗೆಗೂ ಅಲ್ಲ, ಮೂಗಿಗೆ. ನಿಂಬೆರಸ ಹಿಂಡಿದರೆ ಆಗಲೇ ಹುಳಿಯಿರುವ ಟಾನಿಕ್ ಇನ್ನಷ್ಟು ಹುಳಿಯಾಗುತ್ತದೆ, ಅಷ್ಟೇ. ಪರಿಮಳ ಇರುವುದು ಸಿಪ್ಪೆಯಲ್ಲಿ. ಕಿತ್ತಳೆ ಸಿಪ್ಪೆಯನ್ನು ಮಡಚಿ ಒಬ್ಬರ ಕಣ್ಣಿಗೊಬ್ಬರು ಚಿಮ್ಮಿಸುವ ಆಟ ಆಡದ ಮಕ್ಕಳುಂಟೆ? ಕಣ್ಣುರಿಸುತ್ತಿದ್ದ ಆ ಎಣ್ಣೆಯೇ ಲಿಮೊನೀನ್. ಹಸಿರು ತೆಳುಸಿಪ್ಪೆಯ ಒಂದು ಪಟ್ಟಿ ಹೆರೆದು ಗ್ಲಾಸಿನ ಮೇಲೆ ಮಡಚಿ ಹಿಂಡಿ. ಕಾಣದಷ್ಟು ಸಣ್ಣ ಹನಿಗಳು ಮೇಲ್ಮೈಯಲ್ಲಿ ಹರಡುತ್ತವೆ. ಬಿಳಿ ತಿರುಳು ಬಿಡಬೇಕು, ಅದು ಬೇರೆಯೇ ಕಹಿ ಸೇರಿಸುತ್ತದೆ. ಕೊಡಗಿನ ಕಿತ್ತಳೆಯ ಸಿಪ್ಪೆಯಾಗಲಿ, ಚಿತ್ರಾನ್ನಕ್ಕೆ ಬಳಸುವ ಹೇರಳೆಕಾಯಿಯ ದಪ್ಪ ಸಿಪ್ಪೆಯಾಗಲಿ ಈ ಕೆಲಸಕ್ಕೆ ಅಂಗಡಿಯ ಯಾವ ಆಮದು ಹಣ್ಣಿಗೂ ಕಡಿಮೆಯಲ್ಲ.

ಕರಿಮೆಣಸಿನ ಎಣ್ಣೆಯಲ್ಲೂ ಆಲ್ಫಾ-ಪೈನೀನ್ ಇದೆ, ಜುನಿಪರಿನಲ್ಲಿರುವ ಅದೇ ಅಣು. ಎರಡು ಕಾಳು ಜಜ್ಜಿ ಹಾಕಿದರೆ ಜುನಿಪರಿನ ದನಿ ಎತ್ತರಿಸಿದಂತೆ ಕೇಳುತ್ತದೆ. ಏಲಕ್ಕಿಯ ದಾರಿ ಬೇರೆ, ಅದರ ಸಿನಿಯೋಲ್ ನೀಲಗಿರಿ ಎಣ್ಣೆಯ ತಂಪು ತಂದು ಉಳಿದೆಲ್ಲವನ್ನೂ ಮುಚ್ಚಿಬಿಡಬಲ್ಲದು. ಅರ್ಧ ಕಾಯಿ ಸಾಕು. ಪುನರ್ಪುಳಿ ಬಣ್ಣಕ್ಕೂ ಹುಳಿಗೂ ಚೆನ್ನ, ಮೂಗಿಗೆ ಅಷ್ಟಾಗಿ ಏನೂ ಕೊಡುವುದಿಲ್ಲ. ಸೌತೆಕಾಯಿಯ ಸಂಗತಿ ವಿಶೇಷ. ಇಡೀ ಸೌತೆಕಾಯಿಗೆ ಆ ತಂಪು ವಾಸನೆ ಇರುವುದೇ ಇಲ್ಲ. ಕುಯ್ದಾಗ ಕೋಶಗಳು ಒಡೆದು, ಕಿಣ್ವಗಳು ಕೊಬ್ಬಿನ ಆಮ್ಲವನ್ನು ಕತ್ತರಿಸಿ, ಆ ಕ್ಷಣದಲ್ಲೇ ಅದನ್ನು ತಯಾರಿಸುತ್ತವೆ. ಮೊದಲೇ ಹೆಚ್ಚಿಟ್ಟ ಹೋಳು ತನ್ನ ಪರಿಮಳವನ್ನು ತಟ್ಟೆಗೇ ಕೊಟ್ಟು ಮುಗಿಸಿರುತ್ತದೆ. ಪುದೀನ, ತುಳಸಿಯನ್ನು ಅಂಗೈಗಳ ನಡುವೆ ಒಮ್ಮೆ ತಟ್ಟಿ ಹಾಕಿ. ಎಲೆಯ ಮೇಲಿನ ಎಣ್ಣೆಚೀಲಗಳು ಒಡೆಯಲು ಅಷ್ಟೇ ಸಾಕು, ಅರೆದರೆ ಹಸಿಹುಲ್ಲಿನ ವಾಸನೆ ಬರುತ್ತದೆ. ಇವುಗಳಲ್ಲಿ ಒಂದನ್ನು ಆರಿಸಿ, ಹೆಚ್ಚೆಂದರೆ ಎರಡು. ತೋಟವನ್ನೇ ತುರುಕಿದ ಲೋಟದಲ್ಲಿ ತಯಾರಕ ಕಷ್ಟಪಟ್ಟು ಕಟ್ಟಿದ ಜಿನ್ ಕಳೆದುಹೋಗುತ್ತದೆ.

ಇನ್ನು ಆ ಉಪ್ಪು. ಕ್ವಿನೈನ್ ದ್ರಾವಣದ ಮೇಲ್ಮೈ ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುದನ್ನು 1845ರಲ್ಲಿ ವಿವರಿಸಿದವರು ಜಾನ್ ಹರ್ಷೆಲ್. ಏಳು ವರ್ಷದ ಮೇಲೆ ಜಾರ್ಜ್ ಸ್ಟೋಕ್ಸ್ ಅದರ ಗುಟ್ಟು ಬಿಡಿಸಿದರು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅಣು ನುಂಗುತ್ತದೆ, ಶಕ್ತಿಯಲ್ಲಿ ಚೂರು ಕಳೆದುಕೊಂಡು, ಉಳಿದದ್ದನ್ನು ಕಾಣುವ ನೀಲಿಯಾಗಿ ಹೊರಬಿಡುತ್ತದೆ. ಪ್ರತಿದೀಪ್ತಿ ಎಂದು ನಾವು ಕರೆಯುವುದು ಇದನ್ನೇ. ನುಂಗುವುದಕ್ಕೂ ಬಿಡುವುದಕ್ಕೂ ನಡುವಿನ ಬಿಡುವು ಸೆಕೆಂಡಿನ ಸುಮಾರು ಐದು ಕೋಟಿಯಲ್ಲೊಂದು ಪಾಲು. ಆ ಬಿಡುವಿನಲ್ಲಿ ಒಂದು ಕ್ಲೋರೈಡ್ ಅಯಾನು ಬಂದು ಢಿಕ್ಕಿ ಹೊಡೆದರೆ ಶಕ್ತಿ ಬೆಳಕಾಗದೆ ಶಾಖವಾಗಿ ಸೋರಿಹೋಗುತ್ತದೆ. ಉಪ್ಪು ಎಂದರೆ ಸೋಡಿಯಂ ಮತ್ತು ಕ್ಲೋರೈಡ್. ಬೆಳಕು ಆರಿಸಿದ್ದು ಕ್ಲೋರೈಡ್.

ನಾಲಿಗೆಯ ಮೇಲೆ ಕೆಲಸ ಮಾಡಿದ್ದು ಅದರ ಜೊತೆಗಾರ. 1997ರಲ್ಲಿ ಅಮೆರಿಕದ ಮೊನೆಲ್ ಕೇಂದ್ರದ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಶಾಂ ಕಹಿ ಮತ್ತು ಸಿಹಿ ಬೆರೆತ ದ್ರಾವಣಕ್ಕೆ ಅಡುಗೆ ಉಪ್ಪಿನ ಬದಲು ಸೋಡಿಯಂ ಅಸಿಟೇಟ್ ಹಾಕಿ ತೋರಿಸಿದರು. ಕ್ಲೋರೈಡ್ ಇಲ್ಲದಿದ್ದರೂ ಕಹಿ ತಗ್ಗಿತು, ಅದರಡಿ ಸಿಕ್ಕಿಬಿದ್ದಿದ್ದ ಸಿಹಿ ಮೇಲೆ ಬಂತು. ಎಲ್ಲ ಕಹಿಯನ್ನೂ ಸೋಡಿಯಂ ಒಂದೇ ಹದದಲ್ಲಿ ತಗ್ಗಿಸುವುದಿಲ್ಲ, ಆದರೆ ಕ್ವಿನೈನ್ ಅದಕ್ಕೆ ಬಗ್ಗುತ್ತದೆ. ಒಂದು ಭಾಗ ಉಪ್ಪನ್ನು ನಾಲ್ಕು ಭಾಗ ನೀರಲ್ಲಿ ಕರಗಿಸಿ ಪುಟ್ಟ ಶೀಶೆಯಲ್ಲಿಟ್ಟುಕೊಳ್ಳಿ. ಟಾನಿಕ್ ತುಂಬಾ ಕಹಿ ಎಂದು ಮುಖ ಕಿವಿಚುವವರ ಲೋಟಕ್ಕೆ ಎರಡು ಹನಿ ಬಿಟ್ಟರೆ ಸಕ್ಕರೆ ಹಾಕುವ ಅಗತ್ಯವಿರುವುದಿಲ್ಲ. ಅಷ್ಟು ಕಡಿಮೆಯಲ್ಲಿ ಉಪ್ಪಿನ ರುಚಿ ತಿಳಿಯದು.

ನೋಟಿನ ದೀಪ ಇನ್ನೂ ಹಿಂದಿರುಗಿಸಿಲ್ಲವಾದರೆ ಕೊನೆಯದೊಂದು ಪ್ರಯೋಗ ಉಳಿದಿದೆ. ಎರಡು ಲೋಟ ಟಾನಿಕ್ ತೆಗೆದುಕೊಳ್ಳಿ. ಒಂದಕ್ಕೆ ಅಡುಗೆ ಉಪ್ಪು, ಇನ್ನೊಂದಕ್ಕೆ ಅಷ್ಟೇ ಚಿಟಿಕೆ ಆಹಾರಕ್ಕೆ ಬಳಸುವ ಪೊಟ್ಯಾಸಿಯಂ ಕ್ಲೋರೈಡ್. ಮೂತ್ರಪಿಂಡದ ತೊಂದರೆ ಇರುವವರು ಎರಡನೆಯದನ್ನು ಬಾಯಿಗೆ ಹಾಕಬಾರದು, ಉಳಿದವರಿಗೂ ನಾಲಿಗೆಗೆ ಸೋಕಿಸಿದರೆ ಸಾಕು. ಕತ್ತಲಲ್ಲಿ ಎರಡೂ ಲೋಟ ಒಂದೇ ತೆರನಾಗಿ ಮಂಕಾಗಿರುತ್ತವೆ, ಯಾವುದು ಯಾವುದೆಂದು ಕಣ್ಣು ಹೇಳಲಾರದು. ನಾಲಿಗೆ ಮೊದಲ ಹನಿಗೇ ಹೇಳುತ್ತದೆ.